ಲೇಖಕರ ಮೇಳದಲ್ಲಿ ಕಮ್ಮಟಕ್ಕೆ ಮೊದಲ ಸ್ಥಾನವಿರಲಿ: ವಿಜಯಪುರ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ವಾಚನ, ಉಪನ್ಯಾಸ ಮತ್ತು ಕಮ್ಮಟಗಳಿರುವ ಎರಡು ದಿನದ ಲೇಖಕರ ಮೇಳವನ್ನು ಜಿಲ್ಲಾಡಳಿತವು ಪ್ರತಿವರ್ಷ ಒಂದು ಶನಿವಾರ ಮತ್ತು ಭಾನುವಾರ ವಿಜಯಪುರದಲ್ಲಿ ನಡೆಸಬೇಕು, ಅದರಲ್ಲಿ ಹೊಸ ಬರಹಗಾರರ ಕಮ್ಮಟಕ್ಕೆ ಮೊದಲ ಸ್ಥಾನ ಕೊಡಬೇಕು ಎಂಬುದು ಈ ಪತ್ರದ ಬಿನ್ನಹ.

2013ರ ಫೆಬ್ರವರಿಯಲ್ಲಿ ಇದೇ ಊರಿನಲ್ಲಿ ಕೋ. ಚೆನ್ನಬಸಪ್ಪನವರ ಅಧ್ಯಕ್ಷತೆಯಲ್ಲಿ 79ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ಅಂಥ ಸಮ್ಮೇಳನಗಳ ಘನತೆಯೇ ಬೇರೆ. ಆದರೆ ಸಾವಿರಾರು ಜನ ಕೂಡುವ ಪೆಂಡಾಲಿನಲ್ಲಿ ಕಾಲೇಜಿನ ಹುಡುಗಿಯೊಬ್ಬಳು ತನ್ನ ಮೊದಲ ಕಥೆಯನ್ನು ಹಿರಿಯ ಲೇಖಕರ ಮುಂದಿಟ್ಟು, ಇದು ಎಲ್ಲಿ ಸಡಿಲಾಗಿದೆ ಎಂದು ಕೇಳಲಾಗುವುದಿಲ್ಲ. ಅದಕ್ಕೆ ಹದಿನೈದಿಪ್ಪತ್ತು ಜನ ಕೂಡುವ ಕೋಣೆ, ಹಸ್ತಪ್ರತಿಗಳನ್ನು ಮೊದಲೇ ಓದಿಕೊಂಡು ಬಂದ ಮಾರ್ಗದರ್ಶಕರು ಮತ್ತು ಅವಸರವಿಲ್ಲದ ಒಂದು ಮುಂಜಾನೆ ಬೇಕು. ಉದ್ಘಾಟನೆ, ಸನ್ಮಾನಗಳು ಮಧ್ಯಾಹ್ನದವರೆಗೆ ಬೆಳೆದರೆ ಆ ಮುಂಜಾನೆ ಯಾರಿಗೂ ದಕ್ಕುವುದಿಲ್ಲವಾದ್ದರಿಂದ, ಎರಡೂ ದಿನ ಮೊದಲು ಕಮ್ಮಟಗಳೇ ನಡೆಯಲಿ.

ಈ ಜಿಲ್ಲೆಗೆ ಇಂಥ ಸಣ್ಣ ಕೂಟಗಳ ಪರಂಪರೆಯೇ ಇದೆ. ಮಧುರಚೆನ್ನರು, ಸಿಂಪಿ ಲಿಂಗಣ್ಣನವರು ಮತ್ತು ಹಲಸಂಗಿಯ ಗೆಳೆಯರು ಕೂಡಿ ಓದಿದರು, ಕೂಡಿ ಬರೆದರು. ಬೀಸುವಾಗ, ಕುಟ್ಟುವಾಗ ಹೆಣ್ಣುಮಕ್ಕಳು ಹಾಡುತ್ತಿದ್ದ ತ್ರಿಪದಿಗಳನ್ನು ಆ ಗೆಳೆಯರ ಬಳಗ ಸಂಗ್ರಹಿಸಿ 1931ರಲ್ಲಿ 'ಗರತಿಯ ಹಾಡು' ಎಂದು ಪ್ರಕಟಿಸಿತು. ಒಂದು ಕಮ್ಮಟವಾದರೂ ಇಂದಿಗೂ ಹಾಡುತ್ತಿರುವ ತಾಯಂದಿರನ್ನೇ ಮುಂದೆ ಕೂರಿಸಿಕೊಂಡು ಹಾಡುಗಳನ್ನು ಬರೆದುಕೊಳ್ಳುವುದನ್ನು ಕಲಿಸಲಿ, ಮತ್ತು ಅವರಿಗೂ ಸಂಪನ್ಮೂಲ ವ್ಯಕ್ತಿಗಳಷ್ಟೇ ಗೌರವಧನ ಸಲ್ಲಲಿ. ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ತಾಡೋಲೆಗಳನ್ನು ಹುಡುಕಿ ವಚನಗಳನ್ನು ಸಂಗ್ರಹಿಸಿ, ಅವುಗಳ ಮುದ್ರಣಕ್ಕಾಗಿ ಮನೆಯನ್ನೇ ಮಾರಿದ ಊರು ಇದು. ಅಂಥ ಊರಿನಲ್ಲಿ ಬರೆಯುವ ಮಕ್ಕಳಿಗಾಗಿ ಎರಡು ದಿನದ ವೆಚ್ಚವನ್ನು ಸರ್ಕಾರ ಹೊರುವುದು ದೊಡ್ಡ ಮಾತಲ್ಲ.

ವಾಚನ ಮತ್ತು ಉಪನ್ಯಾಸಗಳಿಗೆ ಕಂದಗಲ್ಲ ಹನುಮಂತರಾಯ ರಂಗಮಂದಿರವನ್ನು ಬಾಡಿಗೆಯಿಲ್ಲದೆ ಕೊಟ್ಟರೆ ಸಾಕು. ಹೆಚ್ಚು ಗಮನ ಬೇಡುವುದು ವಸತಿ. ಇಂಡಿ, ಸಿಂದಗಿ, ಮುದ್ದೇಬಿಹಾಳ, ತಾಳಿಕೋಟೆ ಕಡೆಯ ಹಳ್ಳಿಗಳ ಹೆಣ್ಣುಮಕ್ಕಳು ಶನಿವಾರ ಸಂಜೆಯ ಕವಿಗೋಷ್ಠಿ ಕೇಳಿ ಅದೇ ರಾತ್ರಿ ಊರು ಮುಟ್ಟುವುದು ಕಷ್ಟ. ಉಳಿಯಲು ಭರವಸೆಯ ಜಾಗವಿಲ್ಲದಿದ್ದರೆ ಮನೆಯವರು ಕಳಿಸುವುದಿಲ್ಲ, ಕಳಿಸದಿದ್ದರೆ ಮೇಳ ನಗರದವರದಷ್ಟೇ ಆಗುತ್ತದೆ. ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದೊಡನೆ ಮಾತನಾಡಿ ಒಂದು ರಾತ್ರಿಯ ವಸತಿಯನ್ನು, ಅಲ್ಲಿಗೆ ಹೋಗಿಬರುವ ಬಸ್ಸನ್ನು ತಾವೇ ಏರ್ಪಡಿಸಬೇಕು.

ಮೇಳವನ್ನು ಮಾರ್ಚ್ ತಿಂಗಳಿಗೆ ಮಾತ್ರ ತಳ್ಳಬೇಡಿ. ಆಗ ಪರೀಕ್ಷೆಗಳಿರುತ್ತವೆ, ಹೊಲದಲ್ಲಿ ಜೋಳದ ಕೆಲಸವೂ ಇರುತ್ತದೆ. ನವೆಂಬರ್ ಅಥವಾ ಡಿಸೆಂಬರ್ ಅನುಕೂಲ. ಹಳಕಟ್ಟಿಯವರ ಜನ್ಮದಿನವಾದ ಜುಲೈ 2ರಂದೇ ದಿನಾಂಕ ಪ್ರಕಟಿಸಿ ಹಸ್ತಪ್ರತಿಗಳನ್ನು ಆಹ್ವಾನಿಸಿದರೆ, ಬರೆಯುವವರಿಗೆ ತಿದ್ದಲು, ಮಾರ್ಗದರ್ಶಕರಿಗೆ ಓದಲು ನಾಲ್ಕು ತಿಂಗಳಾದರೂ ಸಿಗುತ್ತವೆ.

ತಮ್ಮ ವಿಶ್ವಾಸಿ,
ವಿಜಯಪುರದ ಒಬ್ಬ ಕನ್ನಡ ಅಧ್ಯಾಪಕ