ಯುದ್ಧ ಶುರುವಾಗುವ ಮೊದಲೇ ಹೊರಟಿದ್ದ ಐವರು ಡಾಕ್ಟರುಗಳು

ಸಂಪಾದಕರಿಗೆ ನಮಸ್ಕಾರ.

ನಮ್ಮೂರಿಗೆ ಪೇಪರ್ ಬರುವುದು ಮಧ್ಯಾಹ್ನದ ಬಸ್ಸಿಗೆ. ಮಳೆ ಜಾಸ್ತಿಯಾದರೆ ಮರುದಿನ. ಹಾಗೆ ತಡವಾಗಿ, ಅಂಚು ಒದ್ದೆಯಾಗಿ ಬಂದ ನಿಮ್ಮ ವಿದ್ಯಾರ್ಥಿ ಪುಟದಲ್ಲಿ ಎರಡನೇ ಮಹಾಯುದ್ಧದ ಇಸವಿಗಳ ಪಟ್ಟಿ ನೋಡಿದೆ. ಮೊದಲ ಸಾಲು 1939ರ ಸೆಪ್ಟೆಂಬರ್ 1, ಪೋಲೆಂಡ್ ಮೇಲೆ ಜರ್ಮನಿಯ ದಾಳಿ. ಹತ್ತನೇ ತರಗತಿಯ ಮೊಮ್ಮಗಳು ಅದನ್ನು ಜೋರಾಗಿ ಓದಿ ಬಾಯಿಪಾಠ ಮಾಡುತ್ತಿದ್ದಳು.

ಪಟ್ಟಿ ತಪ್ಪು ಅನ್ನುತ್ತಿಲ್ಲ. ಅದು ಯೂರೋಪಿನವರ ಲೆಕ್ಕ. ಚೀನಾದವರನ್ನು ಕೇಳಿದರೆ 1937ರ ಜುಲೈ 7 ಅನ್ನುತ್ತಾರೆ. ಅವತ್ತು ರಾತ್ರಿ ಬೀಜಿಂಗ್ ಹೊರಗಿನ ಹಳೇ ಕಲ್ಲು ಸೇತುವೆಯ ಹತ್ತಿರ ಜಪಾನಿ ಸೈನ್ಯ ಕವಾಯತು ಮಾಡುತ್ತಿತ್ತು. ಕೊನೆಗೆ ನೋಡಿದರೆ ಒಬ್ಬ ಸಿಪಾಯಿ ಕಾಣೆ. ಪಕ್ಕದ ಊರೊಳಗೆ ಹೋಗಿ ಹುಡುಕುತ್ತೇವೆ ಎಂದರು, ಚೀನಿಯರು ಬಿಡಲಿಲ್ಲ. ಆ ಸಿಪಾಯಿ ತಾನಾಗಿಯೇ ವಾಪಸು ಬಂದ. ಜಗಳ ಮಾತ್ರ ಎಂಟು ವರ್ಷ ನಡೆಯಿತು! 1931ರಲ್ಲೇ ಚೀನಾದ ಈಶಾನ್ಯ ಭಾಗವಾದ ಮಂಚೂರಿಯಾ ನುಂಗಿದ್ದ ಜಪಾನಿಯರಿಗೆ ಬೇಕಾಗಿದ್ದದ್ದು ಒಂದು ನೆಪ, ಅಷ್ಟೆ. ಶಾಂಘೈ ಮೂರು ತಿಂಗಳು ಕಾದಾಡಿ ಬಿತ್ತು. ಡಿಸೆಂಬರಿನಲ್ಲಿ ರಾಜಧಾನಿ ನಾನ್‌ಜಿಂಗ್ ಬಿತ್ತು. ಅಲ್ಲಿ ನಡೆದ ಕೊಲೆ, ಅತ್ಯಾಚಾರಗಳನ್ನು ಇಲ್ಲಿ ಬರೆಯಲಾರೆ. ಚೀನಾ ಸರ್ಕಾರ ಒಳನಾಡಿನ ಚೊಂಗ್‌ಚಿಂಗ್‌ಗೆ ಹೋಗಿ ಕೂತಿತು, ಶರಣಾಗಲಿಲ್ಲ. ಯುದ್ಧ ಬರುವವರೆಗೆ ಒಬ್ಬರನ್ನೊಬ್ಬರು ಕೊಲ್ಲುತ್ತಿದ್ದ, ಸರ್ಕಾರದ ನಾಯಕ ಚಿಯಾಂಗ್ ಕೈ ಷೇಕ್ ಕಡೆಯವರೂ ಕಮ್ಯುನಿಸ್ಟರೂ ಮುಖ ಗಂಟಿಕ್ಕಿಕೊಂಡೇ ಒಂದಾದರು.

ಇದನ್ನೆಲ್ಲ ಬರೆಯಲು ಕಾರಣ ಒಬ್ಬ ಡಾಕ್ಟರು. ನಾನು ಮೂವತ್ತು ವರ್ಷ ಸರ್ಕಾರಿ ಆಸ್ಪತ್ರೆಯಲ್ಲಿ ಕಂಪೌಂಡರ್ ಆಗಿದ್ದವನು. ಔಷಧಿ ಪೆಟ್ಟಿಗೆ ಹೊತ್ತು ಲಾಂಚ್ ಹತ್ತಿ, ಇಂಬಳ ಕಿತ್ತುಕೊಳ್ಳುತ್ತಾ ಹಿನ್ನೀರಿನಾಚೆಯ ಊರುಗಳಿಗೆ ನಡೆದಿದ್ದೇನೆ. ಹಾಗಾಗಿ ನನಗೆ ಸೇನಾಪತಿಗಳಿಗಿಂತ ಇಂಥವರ ಕಥೆಯೇ ಹತ್ತಿರ.

ಚೀನಾದ ಸೇನಾನಾಯಕ ಝು ದೆ, ನೆಹರೂ ಅವರಿಗೆ ಪತ್ರ ಬರೆದು ವೈದ್ಯಕೀಯ ನೆರವು ಕೇಳಿದ್ದರು. ಆಗ ಕಾಂಗ್ರೆಸ್ ಅಧ್ಯಕ್ಷರಾಗಿದ್ದ ಸುಭಾಷ್ ಚಂದ್ರ ಬೋಸರು ಚಂದಾ ಎತ್ತಿಸಿ, 1938ರ ಸೆಪ್ಟೆಂಬರಿನಲ್ಲಿ ಐವರು ಡಾಕ್ಟರುಗಳನ್ನು ಕಳಿಸಿದರು. ಅಟಲ್, ಚೋಳ್ಕರ್, ಬಸು, ಮುಖರ್ಜಿ ಮತ್ತು ಸೊಲ್ಲಾಪುರದ ದ್ವಾರಕಾನಾಥ ಕೋಟ್ನಿಸ್. ಇದೇ ಬೋಸರು ಐದು ವರ್ಷದ ಮೇಲೆ ಜಪಾನಿನ ಜೊತೆ ಕೈಜೋಡಿಸಿದರು. ಬ್ರಿಟಿಷರನ್ನು ಓಡಿಸುವುದು ಅವರಿಗೆ ಮುಖ್ಯವಾಗಿತ್ತು, ಇರಲಿ. ಮಕ್ಕಳಿಗೆ ಎರಡೂ ಗೊತ್ತಿರಬೇಕಲ್ವಾ?

ಸೊಲ್ಲಾಪುರ ಅಂದರೆ ನಮಗೇನು ದೂರವೇ? ಸಿದ್ಧರಾಮನ ಸೊನ್ನಲಿಗೆ. ಅಲ್ಲಿಯ ಹುಡುಗ, ಇನ್ನೂ ಇಪ್ಪತ್ತೆಂಟು ತುಂಬಿರಲಿಲ್ಲ. ಉತ್ತರ ಚೀನಾದ ಗುಡ್ಡಗಳಲ್ಲಿ ಕಮ್ಯುನಿಸ್ಟರ ಎಂಟನೇ ರೂಟ್ ಸೈನ್ಯದ ಜೊತೆ ತಿರುಗಿದರು. 1940ರ ಒಂದು ಕಾಳಗದಲ್ಲಿ 72 ಗಂಟೆ ನಿದ್ದೆಯಿಲ್ಲದೆ ಆಪರೇಷನ್ ಮಾಡಿದರಂತೆ. ಅಲ್ಲಿ ಅವರಿಗಿಂತ ಮೊದಲು ಇದ್ದವರು ಕೆನಡಾದ ಡಾ. ಬೆಥೂನ್. ಆಪರೇಷನ್ ಮಾಡುವಾಗ ಬೆರಳು ಕೊಯ್ದುಕೊಂಡು, ನಂಜು ಏರಿ 1939ರ ನವೆಂಬರಿನಲ್ಲಿ ತೀರಿಕೊಂಡರು. ಪೆನಿಸಿಲಿನ್ ಇನ್ನೂ ಆಸ್ಪತ್ರೆಗಳಿಗೆ ಬಂದಿರಲಿಲ್ಲ. ಡ್ರೆಸಿಂಗ್ ಮಾಡುವಾಗ ಎಷ್ಟು ಸಲ ನಾನೂ ಬೆರಳು ಕೊಯ್ದುಕೊಂಡಿಲ್ಲ! ಒಂದು ಇಂಜೆಕ್ಷನ್ ಚುಚ್ಚಿಸಿಕೊಂಡು ಮನೆಗೆ ಬಂದು ಊಟ ಮಾಡಿದವನು ನಾನು. ಅದಕ್ಕೇ ಈ ಬೆರಳಿನ ವಿಷಯ ಮರೆಯುವುದಿಲ್ಲ.

ಬೆಥೂನ್ ಹೆಸರಿನ ಆಸ್ಪತ್ರೆಗೆ ಕೋಟ್ನಿಸ್ ಮುಖ್ಯಸ್ಥರಾದರು. ಗುವೊ ಚಿಂಗ್‌ಲಾನ್ ಎಂಬ ನರ್ಸ್‌ನ ಕೈಹಿಡಿದರು. ಮಗನಿಗೆ ಇನ್‌ಹುವಾ ಎಂದು ಹೆಸರಿಟ್ಟರು. ಇನ್ ಅಂದರೆ ಇಂಡಿಯಾ, ಹುವಾ ಅಂದರೆ ಚೀನಾ. ಮಗುವಿಗೆ ನಾಲ್ಕು ತಿಂಗಳೂ ತುಂಬದಿರುವಾಗ, 1942ರ ಡಿಸೆಂಬರ್ 9ರಂದು, ಫಿಟ್ಸ್ ಬಂದು ಕೋಟ್ನಿಸ್ ತೀರಿಕೊಂಡರು. ವಯಸ್ಸು 32. ಸಮಾಧಿ ಶಿಜಿಯಾಝುವಾಂಗ್‌ನಲ್ಲಿದೆ. ಗಡಿ ಜಗಳ ಬಂತು, ಸಂಬಂಧ ಕೆಟ್ಟಿತು, ಚೀನಾದವರು ಆ ಸಮಾಧಿಯನ್ನು ಮಾತ್ರ ಕೈಬಿಡಲಿಲ್ಲ. ನಾವು ನಮ್ಮ ಪಟ್ಟಿಯಲ್ಲಿ ಒಂದು ಸಾಲು ಕೊಟ್ಟಿಲ್ಲ.

ಈಗ ನಿಮ್ಮ ಪಟ್ಟಿ ಇನ್ನೊಮ್ಮೆ ನೋಡಿ. ಯುದ್ಧ 'ಶುರುವಾದ' ದಿನಕ್ಕೆ ನಮ್ಮ ಡಾಕ್ಟರುಗಳು ಹೊರಟು ಒಂದು ವರ್ಷ ಆಗಿತ್ತು. ಹಾಗಾದರೆ ಅವರು ಅಲ್ಲಿ ಯಾರ ಗಾಯಕ್ಕೆ ಬ್ಯಾಂಡೇಜು ಕಟ್ಟುತ್ತಿದ್ದರು?

ಮುಂದಿನ ವಾರ ಎರಡು ಸಾಲು ಸೇರಿಸಿ ಹಾಕಿ. ಮೊಮ್ಮಗಳು ಆ ಪಟ್ಟಿ ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸಿದ್ದಾಳೆ. ಮೇಲೆ ಎರಡು ಬೆರಳಷ್ಟು ಜಾಗ ಬಿಡಿಸಿದ್ದೇನೆ.

– ಒಬ್ಬ ನಿವೃತ್ತ ಕಂಪೌಂಡರ್, ಹೊಸನಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ