ಆನಂದಪುರದ ಹಿರಿಯರ ಹೆಸರು ಬರೆದಿಡಲು ನಿಮ್ಮ ಕೈ ಜೋಡಿಸಿ

ಪ್ರೀತಿಯ ಬಂಧುಗಳೇ,

ಜುಲೈ 1 ಬಂತೆಂದರೆ ಜರ್ಮನ್ ಮಿಶನರಿ ಹರ್ಮನ್ ಮೋಗ್ಲಿಂಗರ ಹೆಸರು ಎಲ್ಲ ಕಡೆ ಕೇಳುತ್ತದೆ. 1843ರಲ್ಲಿ ಅದೇ ದಿನ ಮಂಗಳೂರಿನಲ್ಲಿ ಅವರ ‘ಮಂಗಳೂರ ಸಮಾಚಾರ’ ಹೊರಬಂತು. ಕಲ್ಲಚ್ಚಿನ ನಾಲ್ಕು ಪುಟ, ಕನ್ನಡದ ಮೊದಲ ಪತ್ರಿಕೆ. ಪತ್ರಿಕಾ ದಿನದಂದು ಭಾಷಣ, ಹಾರ, ಸನ್ಮಾನ ಎಲ್ಲ ನಡೆಯುತ್ತದೆ. ನಡೆಯಬೇಕಾದ್ದೇ. ಆದರೆ ಅದೇ ಮೋಗ್ಲಿಂಗರು ಭಾರತದಲ್ಲಿ ಕಳೆದ ಕೊನೆಯ ವರ್ಷಗಳು ನಮ್ಮ ಕೊಡಗಿನಲ್ಲಿ, ಅಮ್ಮತ್ತಿ ಹತ್ತಿರದ ಆನಂದಪುರದಲ್ಲಿ ಅನ್ನೋದು ಎಷ್ಟು ಜನಕ್ಕೆ ಗೊತ್ತು? ಇನ್ನು ಆ ಊರು ಎಬ್ಬಿಸಲು ಅವರ ಜೊತೆ ಕಾಡು ಕಡಿದವರು, ಮಣ್ಣು ಹೊತ್ತವರು ಯಾರು ಯಾರು ಅಂತ ಕೇಳಿದರೆ ಅವರದೇ ಮರಿಮಕ್ಕಳಾದ ನಾವೂ ಸುಮ್ಮನಾಗುತ್ತೇವೆ.

ಈ ಮನವಿ ಅದಕ್ಕಾಗಿಯೇ. ಆನಂದಪುರ ಮೂಲದ ಮನೆಗಳ ಕೆಲವರು ಸೇರಿ ಅಲ್ಲಿಯ ಕ್ರೈಸ್ತ ಸಭೆಯ ಚರಿತ್ರೆಯನ್ನು ಕನ್ನಡದಲ್ಲಿ ಬರೆದು ಅಚ್ಚು ಹಾಕಿಸಲು ಹೊರಟಿದ್ದೇವೆ. ಅದಕ್ಕೆ ನಿಮ್ಮ ಸಹಾಯ ಬೇಕು.

ಕಥೆ ಶುರುವಾಗುವುದು ಸೋಮಯ್ಯ ಎಂಬ ಕೊಡವರಿಂದ. ಮಂಗಳೂರಿನಲ್ಲಿ ವರ್ಷಗಟ್ಟಲೆ ದುಡಿದ ಮೋಗ್ಲಿಂಗರು 1852ರ ಹೊತ್ತಿಗೆ ಯುರೋಪಿಗೆ ಹಿಂತಿರುಗುವ ಯೋಚನೆಯಲ್ಲಿದ್ದರು. ಆಗ ಸೋಮಯ್ಯನವರು ಘಟ್ಟ ಇಳಿದು ಅವರನ್ನು ಹುಡುಕಿಕೊಂಡು ಹೋದರು. 1853ರಲ್ಲಿ ಮಂಗಳೂರಿನಲ್ಲೇ ದೀಕ್ಷಾಸ್ನಾನ ಪಡೆದು ಸ್ತೆಫನ ಎಂಬ ಹೆಸರು ಇಟ್ಟುಕೊಂಡರು. ವಾಪಸ್ ಮನೆಗೆ ಬಂದಾಗ ಮನೆಯವರ ವಿರೋಧ ಎದುರಿಸಬೇಕಾಯಿತು. ಮೋಗ್ಲಿಂಗರು ಊರಿಗೆ ಹೋಗುವುದನ್ನು ಬಿಟ್ಟು ಅವರ ಜೊತೆ ಘಟ್ಟ ಹತ್ತಿದರು. ಕೊಡಗಿನ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಪುಸ್ತಕವನ್ನೂ ಬರೆದರು. ಅದು 1855ರಲ್ಲಿ ಬೆಂಗಳೂರಿನಲ್ಲಿ ಅಚ್ಚಾಯಿತು.

ಆದರೆ ಸಭೆಯನ್ನು ತುಂಬಿದವರು ಬೇರೆ ಜನ. ಅವರೇ ನಮ್ಮ ಹಿರಿಯರು. ಆಗ ಅವರನ್ನು ಹೊಲೆಯರು ಅಂತ ಕರೆಯುತ್ತಿದ್ದರು. ಗದ್ದೆಗಳಲ್ಲಿ ಆಳುಗಳಾಗಿದ್ದರು. ಆಳುಗಳಲ್ಲಿ ಎರಡು ಬಗೆ. ‘ಭೂಮಿ ಜಮ್ಮದ ಆಳು’ ಜಮೀನಿಗೆ ಸೇರಿದವನು, ಜಮೀನಿನ ಜೊತೆಗೇ ಕೈ ಬದಲಾಗುವವನು. ‘ಒಕ್ಕ ಜಮ್ಮದ ಆಳು’ ಮನೆತನಕ್ಕೆ ಸೇರಿದವನು. 1843ರಲ್ಲೇ ಕಾನೂನು ಬಂದು ಕೋರ್ಟುಗಳು ಗುಲಾಮಗಿರಿಯನ್ನು ಒಪ್ಪದಂತಾಗಿತ್ತು. ಆದರೆ ಕೋರ್ಟು ಎಲ್ಲೋ ದೂರದಲ್ಲಿ, ಯಜಮಾನ ಕಣ್ಣೆದುರಿಗೆ. ಅಂಥ ಕಾಲದಲ್ಲಿ ಕೆಲವು ಮನೆಯವರು ‘ನಾವು ಹೋಗುತ್ತೇವೆ’ ಅಂತ ಹೊರಟು ನಿಂತರು. ಹುಟ್ಟಿದಂದಿನಿಂದ ಇದ್ದ ಗುಡಿಸಲು ಬಿಟ್ಟು, ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಬಂದರು. ಆ ಧೈರ್ಯ ಎಲ್ಲಿಂದ ಬಂತೋ! ನೆನೆಸಿಕೊಂಡರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಹೀಗೆ 1850ರ ದಶಕದ ಕೊನೆಯಲ್ಲಿ ಆನಂದಪುರ ಹುಟ್ಟಿತು. ಹೆಸರಲ್ಲೇ ಆನಂದ ಇದೆ, ಅಲ್ವಾ? ಅಲ್ಲಿ ಕಾಫಿ ಗಿಡ ಇಟ್ಟರು. ಹೆಂಡತಿಯ ಆರೋಗ್ಯ ಕೆಟ್ಟದ್ದರಿಂದ ಮೋಗ್ಲಿಂಗರು 1860ರಲ್ಲಿ ಜರ್ಮನಿಗೆ ಹೋದರು, ಮತ್ತೆ ಬರಲಿಲ್ಲ. 1881ರಲ್ಲಿ ಅಲ್ಲೇ ತೀರಿಕೊಂಡರು. ಮುಂದೆ ಅವರನ್ನು ಭಾರತಕ್ಕೆ ಕಳುಹಿಸಿದ್ದ ಬಾಸೆಲ್ ಮಿಶನ್ ಸಂಸ್ಥೆ ಊರನ್ನು ನೋಡಿಕೊಂಡಿತು. ಮೊದಲ ಮಹಾಯುದ್ಧ ಬಂದಾಗ ಜರ್ಮನ್ ಮಿಶನರಿಗಳನ್ನು ಬ್ರಿಟಿಷ್ ಸರ್ಕಾರ ಹಿಡಿದಿಟ್ಟಿತು. ಆಗ ಸಭೆಗಳನ್ನು ಉಳಿಸಿಕೊಂಡವರಲ್ಲಿ ಇಲ್ಲಿಯ ಉಪದೇಶಿಗಳು, ಶಾಲೆಯ ಮೇಷ್ಟ್ರುಗಳು, ಮನೆಯ ಹೆಂಗಸರು ಇದ್ದರು. ಆಮೇಲೆ ನಾವು ದಕ್ಷಿಣ ಭಾರತ ಸಭೆಯವರಾದೆವು (ಸಿಎಸ್‌ಐ).

ಇಷ್ಟು ಪುಸ್ತಕಗಳಿಂದ ಸಿಗುತ್ತದೆ. ಪುಸ್ತಕಗಳಲ್ಲಿ ಸಿಗದ್ದು ಎಲ್ಲಿದೆ ಅನ್ನುವುದು ನನಗೆ ಗೊತ್ತಾದದ್ದು ನಮ್ಮ ಅಜ್ಜಿಯ ಗೀತೆ ಪುಸ್ತಕದಿಂದ, ಅಂದರೆ ಆರಾಧನೆಯಲ್ಲಿ ಹಾಡುವ ಹಾಡುಗಳ ಪುಸ್ತಕದಿಂದ.

ಅಜ್ಜಿ ಆ ಪುಸ್ತಕವನ್ನು ಹಳೆ ಸೀರೆಯ ತುಂಡಿನಲ್ಲಿ ಸುತ್ತಿ ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತಿದ್ದರು. ಕೊಡಗಿನ ಮಳೆ ನಿಮಗೆ ಗೊತ್ತೇ ಇದೆ. ಪೆಟ್ಟಿಗೆಯಲ್ಲಿಟ್ಟರೆ ಬೂಷ್ಟು, ಗೋಡೆಗೆ ಇಟ್ಟರೆ ಗೆದ್ದಲು. ಹೊಗೆ ತಾಗುವ ಜಾಗದಲ್ಲಿ ಮಾತ್ರ ಕಾಗದ ಉಳಿಯುತ್ತದೆ. ಪುಟಗಳೆಲ್ಲ ಚಹಾದ ಬಣ್ಣಕ್ಕೆ ತಿರುಗಿವೆ, ಮೂಸಿದರೆ ಸೌದೆ ಹೊಗೆಯ ವಾಸನೆ. ಅಜ್ಜಿ ತೀರಿಹೋದ ಮೇಲೆ ಅದನ್ನು ಬಿಚ್ಚಿ ನೋಡಿದೆ. ಕೊನೆಯ ಖಾಲಿ ಹಾಳೆಗಳಲ್ಲಿ ಪೆನ್ಸಿಲ್ ಬರಹ. ಅಜ್ಜಿಯದ್ದಲ್ಲ, ಅವರ ಅತ್ತೆಯದ್ದೂ ಅಲ್ಲ, ಅದಕ್ಕೂ ಹಿಂದಿನದ್ದು. ಯಾರು ಯಾವಾಗ ಹುಟ್ಟಿದರು, ಯಾರ ಮದುವೆ ಯಾವಾಗ, ಎಮ್ಮೆ ಯಾರಿಂದ ಕೊಂಡದ್ದು ಎಲ್ಲ ಇದೆ. ನಡುವೆ ಒಂದು ಸಾಲು: ‘ಕಕ್ಕಡ. ಗಂಡು ಮಗು. ಮೂರು ದಿನ.’

ಅಷ್ಟೇ. ಹೆಸರಿಲ್ಲ. ಹೆಸರಿಡುವಷ್ಟು ಹೊತ್ತೂ ಸಿಕ್ಕಿರಲಿಕ್ಕಿಲ್ಲ. ಕಕ್ಕಡ ಅಂದರೆ ಕೊಡಗಿನ ಜಡಿಮಳೆಯ ತಿಂಗಳು. ಅಂಥ ತಿಂಗಳಲ್ಲಿ, ಡಾಕ್ಟರಿಲ್ಲದ ಕಾಡಿನ ನಡುವೆ ಯಾವ ತಾಯಿ ಕೂತು ಇದನ್ನು ಬರೆದಳೋ. ಒಂದು ತಲೆಮಾರಿನ ಹಿಂದೆ ಅಕ್ಷರ ಮುಟ್ಟಲೂ ಬಿಡದಿದ್ದ ಮನೆತನದ ಹೆಂಗಸು ಅವಳು. ಮಗುವಿನ ಮೂರು ದಿನವನ್ನಾದರೂ ಅವಳು ಬರೆದಿಟ್ಟಳು. ಅವಳ ಹೆಸರನ್ನು ನಾವು ಬರೆದಿಟ್ಟಿಲ್ಲ.

ಇಂಥ ಪುಸ್ತಕಗಳು ಇನ್ನೆಷ್ಟು ಅಟ್ಟಗಳ ಮೇಲಿವೆಯೋ. ಈಗ ಸೌದೆ ಒಲೆ ಹೋಗಿ ಗ್ಯಾಸ್ ಬಂದಿದೆ, ಹೆಂಚಿನ ಮನೆ ಹೋಗಿ ಆರ್‌ಸಿಸಿ ಬಂದಿದೆ. ಹೊಗೆಯ ಕಾವಲು ಇಲ್ಲ. ಹಳೆ ಮನೆ ಕೆಡವುವಾಗ ರದ್ದಿ ಜೊತೆ ಹೋದವು ಅಂತ ಮೂರು ಮನೆಯವರು ಹೇಳಿದರು. ಹೇಳುವಾಗ ಒಬ್ಬರ ಕಣ್ಣಲ್ಲಿ ನೀರು ಬಂತು. ತಡಮಾಡಲು ನಮಗೆ ಜಾಸ್ತಿ ಹೊತ್ತಿಲ್ಲ.

ನಮ್ಮ ಕೆಲಸ ಹೀಗಿದೆ. ಮೊದಲು ಮನೆ ಮನೆಗೆ ಹೋಗಿ ಹಳೆ ಗೀತೆ ಪುಸ್ತಕ, ಬೈಬಲ್, ಫೋಟೋ, ಮದುವೆ ಕಾಗದ ಎಲ್ಲವನ್ನೂ ಅಲ್ಲೇ ಸ್ಕ್ಯಾನ್ ಮಾಡುವುದು. 75 ದಾಟಿದ ಹಿರಿಯರ ಮಾತನ್ನು ರೆಕಾರ್ಡ್ ಮಾಡುವುದು. ಇದನ್ನು ನಮ್ಮ ಯುವಕ ಯುವತಿಯರೇ ಮಾಡುತ್ತಾರೆ, ಸಂಬಳ ಬೇಡ ಅಂದಿದ್ದಾರೆ. ಅವರ ಬಸ್ಸು, ಊಟದ ಖರ್ಚನ್ನಾದರೂ ನಾವು ಕೊಡಬೇಕಲ್ಲ.

ಕಷ್ಟದ ಕೆಲಸ ಎರಡನೆಯದು. ಬಾಸೆಲ್ ಮಿಶನ್ನಿನ ಹಳೆಯ ಕಾಗದಪತ್ರ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ದಾಖಲೆ ಮನೆಯಲ್ಲಿವೆ. ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನಲ್ಲೂ ಮಿಶನ್ ಕಾಲದ ಸಂಗ್ರಹ ಇದೆ. ಕೊಡಗಿನ ಮಿಶನ್ ಬಗ್ಗೆ 1866ರಲ್ಲಿ ಬಾಸೆಲಿನಲ್ಲಿ ಅಚ್ಚಾದ ಒಂದು ಜರ್ಮನ್ ಪುಸ್ತಕವೂ ಇದೆ. ನಮ್ಮಲ್ಲಿ ಯಾರಿಗೂ ಜರ್ಮನ್ ಬರುವುದಿಲ್ಲ. ಅದರ ಮೇಲೆ ಮಿಶನರಿಗಳ ವರದಿಗಳು ಹಳೆಯ ಜರ್ಮನ್ ಕೈಬರಹದಲ್ಲಿವೆ. ಇವತ್ತಿನ ಜರ್ಮನರಲ್ಲೂ ಅದನ್ನು ಓದಬಲ್ಲವರು ಕಡಿಮೆ. ಬಲ್ಲವರಿಂದ ಓದಿಸಿ ಕನ್ನಡಕ್ಕೆ ತರಿಸಬೇಕು. ಖರ್ಚಿನ ದೊಡ್ಡ ಪಾಲು ಇದಕ್ಕೇ ಹೋಗುತ್ತದೆ. ಆದರೆ ದೀಕ್ಷಾಸ್ನಾನ ಪಡೆದವರ ಹೆಸರು, ಅವರ ಹಳೆ ಹೆಸರು, ಯಾವ ಗದ್ದೆಯಿಂದ ಬಂದರು ಅನ್ನುವುದು ಎಲ್ಲಾದರೂ ಇದ್ದರೆ ಅಂಥ ಕಾಗದಗಳಲ್ಲೇ ಇರಬೇಕು. ಅದನ್ನು ಬಿಟ್ಟು ಚರಿತ್ರೆ ಬರೆದರೆ ಮತ್ತೆ ಮೋಗ್ಲಿಂಗರ ಕಥೆಯೇ ಆಗುತ್ತದೆ. ಅವರ ಕಥೆ ಆಗಲೇ ಬಂದಿದೆ.

ಓದಿಸುವುದು, ಸ್ಕ್ಯಾನಿಂಗ್, ಓಡಾಟ, ಅಚ್ಚು ಎಲ್ಲ ಸೇರಿ 2,40,000 ರೂಪಾಯಿ ಬೇಕಾಗಬಹುದು ಅಂತ ಲೆಕ್ಕ ಹಾಕಿದ್ದೇವೆ. 3,000 ರೂಪಾಯಿ ಕೊಟ್ಟರೆ ಹಳೆ ಬರಹದ ಒಂದು ವರದಿ ಕನ್ನಡಕ್ಕೆ ಬರುತ್ತದೆ. 500 ಕೊಟ್ಟರೆ ಒಂದು ಮನೆಯ ಕಾಗದಗಳೆಲ್ಲ ಉಳಿಯುತ್ತವೆ. 50 ರೂಪಾಯಿ ಕೊಟ್ಟರೂ ಅಷ್ಟೇ ಸಂತೋಷದಿಂದ ರಶೀದಿ ಬರೆಯುತ್ತೇವೆ. ಸುಗ್ಗಿ ಹಬ್ಬದ ಹರಾಜಿನಲ್ಲಿ ಒಂದು ಬಾಳೆಗೊನೆಯನ್ನು ಎಷ್ಟು ಪ್ರೀತಿಯಿಂದ ಏರಿಸಿ ಏರಿಸಿ ಕೂಗುತ್ತೀರಿ, ನಮಗೆ ಗೊತ್ತಿದೆ. ಆ ಪ್ರೀತಿಯಲ್ಲಿ ಸ್ವಲ್ಪ ಈ ಕಡೆಗೂ ಇರಲಿ.

ಭಾನುವಾರದ ಆರಾಧನೆ ಮುಗಿದ ಮೇಲೆ ಸಮಿತಿಯವರ ಕೈಗೆ ಕೊಡಬಹುದು. ಬೆಂಗಳೂರು, ಮಂಗಳೂರು, ಗಲ್ಫ್ ಎಲ್ಲೇ ಇದ್ದರೂ ಊರಿನ ನಿಮ್ಮ ಮನೆಯವರ ಮೂಲಕ ಕಳುಹಿಸಿ. ಪ್ರತಿ ಮೂರು ತಿಂಗಳಿಗೊಮ್ಮೆ ಲೆಕ್ಕವನ್ನು ಸಭೆಯ ಮುಂದೆ ಓದುತ್ತೇವೆ. ಬೇರೆ ಧರ್ಮದವರೂ, ಕೊಡವ ಮನೆಯವರೂ ಸೇರಿದರೆ ನಮಗೆ ಇನ್ನೂ ಖುಷಿ. ಆ ಕಾಲದ ಲೆಕ್ಕದ ಪುಸ್ತಕ ನಿಮ್ಮ ಐನ್‌ಮನೆಯಲ್ಲಿ (ಮನೆತನದ ಮೂಲ ಮನೆಯಲ್ಲಿ) ಇದ್ದರೆ, ಅದರಲ್ಲಿ ಆಳುಗಳ ಹೆಸರಿದ್ದರೆ, ದಯವಿಟ್ಟು ಒಮ್ಮೆ ನೋಡಲು ಬಿಡಿ. ಯಾರನ್ನೂ ದೂರಲು ಬರುತ್ತಿಲ್ಲ. ಹೆಸರು ಬರೆದುಕೊಂಡು ಹೋಗುತ್ತೇವೆ.

ಹಣ ಈಗ ಆಗದಿದ್ದರೆ ಚಿಂತೆ ಇಲ್ಲ. ಮೊದಲು ಅಟ್ಟ ಹತ್ತಿ ನೋಡಿ. ಸಿಕ್ಕಿದ್ದನ್ನು ಒರೆಸಬೇಡಿ, ಬಿಸಿಲಿಗೆ ಇಡಬೇಡಿ, ಗಮ್ ಟೇಪ್ ಹಚ್ಚಬೇಡಿ. ಹಾಗೇ ಒಣ ಬಟ್ಟೆಯಲ್ಲಿ ಸುತ್ತಿಟ್ಟು ಹೇಳಿ ಕಳುಹಿಸಿ, ನಾವೇ ಬರುತ್ತೇವೆ. ಮಳೆ ಹಿಡಿಯುವ ಮೊದಲು ಹೇಳಿದರೆ ಒಳ್ಳೆಯದು.

ನಿಮ್ಮ ಪ್ರೀತಿಯ,
ಸಭೆಯ ಚರಿತ್ರೆ ಬರೆಯುವ ಸಮಿತಿಯವರು