ಕೂಟ್‌ನಲ್ಲಿ ಕರಗಿಹೋದ ಬೆಳಗಾವಿ ಬ್ರಿಗೇಡ್: ಜಿಲ್ಲಾ ಉಸ್ತುವಾರಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಬೆಳಗಾವಿ ಜಿಲ್ಲಾ ಉಸ್ತುವಾರಿ ಸಚಿವರಿಗೆ ನಮಸ್ಕಾರಗಳು.

ಸೆಪ್ಟೆಂಬರ್ 23 ಬಂದರೆ ಮೊದಲ ಮಹಾಯುದ್ಧದಲ್ಲಿ ಹೈಫಾ ಪಟ್ಟಣವನ್ನು ಗೆದ್ದ ಮೈಸೂರು ಲ್ಯಾನ್ಸರ್ಸ್ ಕುದುರೆ ದಂಡನ್ನು ನೆನೆಯುತ್ತೇವೆ. ನೆನೆಯಬೇಕಾದದ್ದೇ. ಅದೇ ಮಹಾಯುದ್ಧಕ್ಕೆ ನಿಮ್ಮ ಜಿಲ್ಲೆಯ ಹೆಸರು ಹೊತ್ತು ಹೋದ ಕಾಲಾಳುಗಳ ದಂಡೂ ಒಂದಿತ್ತು. ಅದು ಸೋತಿತು, ಸೋತವರಿಗೆ ಯಾರು ಹಾರ ಹಾಕುತ್ತಾರೆ?

ಬ್ರಿಟಿಷರ ಇಂಡಿಯನ್ ಆರ್ಮಿಯ 6ನೇ ಪುಣೆ ಡಿವಿಷನ್‌ನಲ್ಲಿ ಪುಣೆ, ಅಹಮದ್‌ನಗರಗಳ ಜೊತೆಗೆ 18ನೇ ಬೆಳಗಾವಿ ಬ್ರಿಗೇಡ್ ಇತ್ತು. ಹೆಸರು ಬೆಳಗಾವಿಯದಾದರೂ ಸಿಪಾಯಿಗಳೆಲ್ಲ ಇಲ್ಲಿಯವರಲ್ಲ. ಇಂಗ್ಲೆಂಡಿನ ನಾರ್ಫಕ್ ಪಲ್ಟಣವಿತ್ತು, ರಜಪೂತ ಪಲ್ಟಣವಿತ್ತು, ಮರಾಠರೂ ದಖ್ಖನಿ ಮುಸಲ್ಮಾನರೂ ಒಟ್ಟಿಗಿದ್ದ 110ನೇ ಮರಾಠಾ ಪಲ್ಟಣವಿತ್ತು.

1914ರ ನವೆಂಬರ್‌ನಲ್ಲಿ ಡಿವಿಷನ್, ಆಗ ತುರ್ಕರ ಕೈಯಲ್ಲಿದ್ದ ಮೆಸಪೊಟೇಮಿಯಾದ, ಅಂದರೆ ಇಂದಿನ ಇರಾಕಿನ, ಬಸ್ರಾ ಹಿಡಿಯಿತು. ಪರ್ಷಿಯಾದ ಎಣ್ಣೆಯ ಕಾವಲಿಗೆ ಅಷ್ಟು ಸಾಕಿತ್ತು. ಮೇಲಿನವರಿಗೆ ಬಾಗ್ದಾದ್ ಬೇಕೆನಿಸಿತು. ಡಿವಿಷನ್‌ನ ದಳಪತಿ ಜನರಲ್ ಟೌನ್ಸೆಂಡ್ ಟೈಗ್ರಿಸ್ ನದಿಗುಂಟ ಮುಂದೊತ್ತಿ, 1915ರ ನವೆಂಬರ್‌ನಲ್ಲಿ ಟೆಸಿಫಾನ್ ಬಳಿ ಪೆಟ್ಟು ತಿಂದು, ಕೂಟ್ ಊರಿಗೆ ಹಿಂದೆ ಸರಿದ. ತುರ್ಕರು ಸುತ್ತುಗಟ್ಟಿದರು.

ಮುತ್ತಿಗೆ ನಡೆದದ್ದು 147 ದಿನ. ಹಿಟ್ಟು ತೀರುತ್ತ ಬಂದಾಗ ಎತ್ತು, ಕುದುರೆ, ಹೇಸರಗತ್ತೆಗಳನ್ನು ಕಡಿದರು. ಭಾರತೀಯ ಸಿಪಾಯಿಗಳಲ್ಲಿ ಬಹಳ ಮಂದಿ ತಿಂಗಳುಗಟ್ಟಲೆ ಕುದುರೆ ಮಾಂಸ ಮುಟ್ಟಲಿಲ್ಲ. ತಿಂದರೆ ಊರಿನಲ್ಲಿ ಜಾತಿಯಿಂದ ಹೊರಹಾಕುತ್ತಾರೆಂಬ ಭಯ ಅವರದು. ಹಸಿವಿಗಿಂತ ಊರಿನ ನಾಲಿಗೆ ದೊಡ್ಡದು, ನಮಗಿದು ಬಿಡಿಸಿ ಹೇಳಬೇಕಾದ ಸಂಗತಿಯಲ್ಲ. ಹಣ್ಣು, ತರಕಾರಿ ಸಿಗದೆ ಸ್ಕರ್ವಿ ರೋಗ ಹಬ್ಬಿತು. ಧಾನ್ಯ ಬೀಸಲು ಕಲ್ಲುಗಳನ್ನು ವಿಮಾನದಿಂದ ಕೆಡವಿದರು. ಬಿಡಿಸಲು ಬಂದ ಸೈನ್ಯಕ್ಕೆ ಸುಮಾರು 23,000 ಸಾವುನೋವಾಯಿತೇ ಹೊರತು ಕೂಟ್ ತಲುಪಲಾಗಲಿಲ್ಲ.

1916ರ ಏಪ್ರಿಲ್ 29ರಂದು ಸುಮಾರು 13,000 ಜನ ಸೆರೆಯಾದರು. ಟೌನ್ಸೆಂಡನನ್ನು ಇಸ್ತಾಂಬುಲ್ ಬಳಿಯ ದ್ವೀಪದಲ್ಲಿ ಅತಿಥಿಯಂತೆ ಇರಿಸಿಕೊಂಡರು. ಅವನ ಸಿಪಾಯಿಗಳು ಮರುಭೂಮಿಯಲ್ಲಿ ನಡೆದರು, ರೈಲು ಹಳಿ ಹಾಕಿದರು, ಸಾವಿರಾರು ಮಂದಿ ಅಲ್ಲೇ ಮಣ್ಣಾದರು.

ಬಸ್ರಾ ಬಳಿ ಸ್ಮಾರಕವಿದೆ. ಅದರ ಮೇಲೆ ಬ್ರಿಟಿಷ್ ಸೈನಿಕರ ಹೆಸರುಗಳೂ ಭಾರತೀಯ ಅಧಿಕಾರಿಗಳ ಹೆಸರುಗಳೂ ಇವೆ. ಭಾರತದ ಸಾಮಾನ್ಯ ಸಿಪಾಯಿಗೆ ಮಾತ್ರ ಪಲ್ಟಣದ ಹೆಸರಿನ ಕೆಳಗೆ ಒಂದು ಅಂಕಿ, ‘ಇತರರು ಇಷ್ಟು’ ಎಂಬ ಲೆಕ್ಕ. ಈ ತಾರತಮ್ಯಕ್ಕೆ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗ 2021ರಲ್ಲಿ ಕ್ಷಮೆ ಕೇಳಿತು.

ಆದರೆ ಅಂಥ ಅನೇಕರ ಹೆಸರುಗಳು ಆಯೋಗದ ದಾಖಲೆಗಳಲ್ಲಿವೆ. ಹಲವು ಕಡೆ ತಂದೆಯ ಹೆಸರು, ಊರು, ಜಿಲ್ಲೆಯೂ ಉಂಟು. ಇಂಗ್ಲಿಷ್ ಕಾರಕೂನರು ಕಿವಿಗೆ ಬಿದ್ದಂತೆ ಬರೆದ ಊರುಗಳವು. ಓದಿ ಗುರುತಿಸಲು ಇಲ್ಲಿಯವರೇ ಬೇಕು.

ನಾನು ಪುತ್ಥಳಿ ಕೇಳುತ್ತಿಲ್ಲ. ಅವರು ದೇಶಕ್ಕಾಗಿ ಹೋರಾಡಿದರೆಂದು ಭಾಷಣ ಮಾಡಿರೆಂದೂ ಕೇಳುವುದಿಲ್ಲ; ಹೋದದ್ದು ಸಂಬಳಕ್ಕೆ, ಪರರ ಸಾಮ್ರಾಜ್ಯಕ್ಕೆ. ಕನ್ನಡ–ಮರಾಠಿ ಲೆಕ್ಕವನ್ನಂತೂ ದಯವಿಟ್ಟು ತೆರೆಯಬೇಡಿ. ಇತಿಹಾಸ ಓದಿದ ನಾಲ್ಕು ಜನರನ್ನು ಕೂರಿಸಿ, ಮೆಸಪೊಟೇಮಿಯಾದಲ್ಲಿ ಸತ್ತ ಈ ಜಿಲ್ಲೆಯವರ ಹೆಸರುಗಳನ್ನು ಊರುವಾರು ಪಟ್ಟಿ ಮಾಡಿಸಿ. ಕನ್ನಡದಲ್ಲೂ ಮರಾಠಿಯಲ್ಲೂ ಅಚ್ಚು ಹಾಕಿಸಿ ಆಯಾ ಗ್ರಾಮ ಪಂಚಾಯಿತಿಗೆ ಕಳುಹಿಸಿ. ಗೋಡೆಗೆ ಅಂಟಿಸಲು ಒಂದು ಹಾಳೆ ಸಾಕು.

ಇಂತಿ ನಿಮ್ಮ ವಿಶ್ವಾಸಿ,
ಬೆಳಗಾವಿಯ ಒಬ್ಬ ಮತದಾರ